ಖಿಡಕಿವಾಲಾ ನಂಬರ್ ಎರಡು

2021ರ ಮೇ 17, ಸೋಮವಾರ. ತೌಕ್ತೆ ಚಂಡಮಾರುತ ಮುಂಬಯಿಯ ಪಕ್ಕದಲ್ಲೇ ಸಮುದ್ರದ ಮೇಲೆ ಹಾದು ಗುಜರಾತಿನ ಕಡೆ ಹೋದ ದಿನ. ಕಡಲಿನಿಂದ ಸಾಕಷ್ಟು ಒಳಗಿರುವ ನಮ್ಮ ಡೊಂಬಿವಲಿಯಲ್ಲೂ ಬೆಳಗಿನಿಂದ ಗಾಳಿ ಊಳಿಡ್ತಾ ಇತ್ತು. ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ಇದ್ದಕ್ಕಿದ್ದಂತೆ ಹಾಲಿನ ಕಿಟಕಿಯ ಒಂದು ಪಡಿ ಬಿಜಾಗರಿ ಸಮೇತ ಕಿತ್ತುಕೊಂಡು ನಾಲ್ಕನೇ ಮಹಡಿಯಿಂದ ಕೆಳಗೆ ಹೋಯಿತು. ಗ್ರಿಲ್ಲು ಒಳಗೆ, ಪಡಿ ಹೊರಗೆ ತೆರೆಯುವಂಥದ್ದು. ಹಿಡಿಯಲು ಏನೂ ಇರಲಿಲ್ಲ. ಕೈಯಲ್ಲಿದ್ದ ತುತ್ತು ಹಾಗೇ ಉಳಿಯಿತು. ಕೆಳಗೆ ಬಗ್ಗಿ ನೋಡುವ ಧೈರ್ಯ ನನಗೂ ಬರಲಿಲ್ಲ, ನನ್ನ ಹೆಂಡತಿಗೂ ಬರಲಿಲ್ಲ. ನೋಡಿದ್ದು ನನ್ನ ಆಯಿ. ಆಗ ಅವಳಿಗೆ ಎಂಬತ್ತೈದು.

"ಯಾರೂ ಇಲ್ಲ, ಗಾಡಿ ಮೇಲೆ ಬಿದ್ದದೆ" ಅಂದಳು.

ಕೋವಿಡ್ಡಿನ ಎರಡನೇ ಅಲೆಯ ನಿರ್ಬಂಧ ಇದ್ದದ್ದರಿಂದ ಕಟ್ಟಡದ ಮಕ್ಕಳು ಯಾರೂ ಕೆಳಗೆ ಆಡ್ತಾ ಇರಲಿಲ್ಲ. ಬೇರೆ ವರ್ಷದ ಮೇ ರಜೆಯಾಗಿದ್ದರೆ ಅದೇ ಜಾಗದಲ್ಲಿ ಕ್ರಿಕೆಟ್ ನಡೆಯುತ್ತಿತ್ತು. ಸ್ಕೂಟರಿನ ಸೀಟು ಹರಿದು ಹೆಡ್‌ಲೈಟ್ ಒಡೆದಿತ್ತು. ಅದರ ಖರ್ಚು ಕೊಟ್ಟೆ. ಸೊಸೈಟಿಯ ಸೆಕ್ರೆಟರಿ ಬಂದು ಮರಾಠಿಯಲ್ಲಿ, "ಕಾಕಾ, ಈ ಕಿಟಕಿ ಇನ್ನು ಬೇಡ" ಎಂದಷ್ಟೇ ಹೇಳಿ ಹೋದರು. ಅದಕ್ಕಿಂತ ಹೆಚ್ಚು ಹೇಳಿದ್ದರೆ ನನಗೆ ಅಷ್ಟು ನಾಚಿಕೆ ಆಗುತ್ತಿರಲಿಲ್ಲವೇನೋ.

ಊರಿನ ಓದುಗರಿಗೆ ಒಂದು ಮಾತು ಹೇಳಬೇಕು. ಶಿರಸಿ ಕಡೆಯ ನಮ್ಮ ಹಳೇ ಮನೆಯಲ್ಲಿ ಕಿಟಕಿ ಅಂದರೆ ಮರದ ಸರಳು, ಒಳಗಡೆ ಎರಡು ಪಡಿ, ಒಂದು ಅಗುಳಿ. ಅದರ ಮೇಲೆ ಉದ್ದನೆ ಮಾಡು ಚಾಚಿಕೊಂಡಿರುತ್ತದೆ. ಎಂಥ ಆಷಾಢದ ಮಳೆಯೂ ಕಿಟಕಿಯ ಮುಖ ನೋಡುವುದಿಲ್ಲ. ಇಲ್ಲಿ ಹಾಗಲ್ಲ. ಕಿಟಕಿಯ ಮೇಲೆ ಒಂದೂವರೆ ಅಡಿಯ ಸಜ್ಜಾ ಇರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮದ ಮಳೆ ಅಡ್ಡಡ್ಡ ಬಂದು ನೇರ ಗಾಜಿಗೆ ಹೊಡೆಯುತ್ತದೆ. ನಮ್ಮ ಹಾಲು ಪಶ್ಚಿಮಕ್ಕಿದೆ, ಆಯಿಯ ಮಂಚ ಆ ಕಿಟಕಿಯ ಬುಡದಲ್ಲೇ ಇದೆ. ಅಪ್ಪ ತೀರಿಕೊಂಡ ಮೇಲೆ 2010ರಲ್ಲಿ ಅವಳನ್ನು ಇಲ್ಲಿಗೆ ಕರೆತಂದೆವು. ಲಿಫ್ಟ್ ಇಲ್ಲದ ಕಟ್ಟಡ. ಮೊಣಕಾಲು ಸೋತ ಮೇಲೆ ಅವಳು ಕೆಳಗೆ ಇಳಿದದ್ದು ಬೆರಳೆಣಿಕೆಯಷ್ಟು ಸಲ. ಆ ಆರಡಿ ಅಗಲ, ನಾಲ್ಕಡಿ ಎತ್ತರದ ಕಿಟಕಿಯೇ ಅವಳ ಅಂಗಳ.

ಕಿಟಕಿ ಬದಲಿಸುವುದು ಎಂದು ತೀರ್ಮಾನ ಆಯಿತು. ಯಾವುದು ಹಾಕುವುದು, ಯಾರಿಂದ ಹಾಕಿಸುವುದು ಎಂಬುದೇ ಪ್ರಶ್ನೆ. ಮೊದಲನೆಯದಕ್ಕೆ ಉತ್ತರ ಸುಲಭ. ಎರಡನೆಯದೇ ನನ್ನನ್ನು ಇವತ್ತಿನ ತನಕ ಕಾಡ್ತಾ ಇದೆ.

ಮರ ಮತ್ತೆ ಬೇಡ ಎಂದು ಎಲ್ಲರೂ ಹೇಳಿದರು. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಸಂದು ಬಿಡುತ್ತದೆ, ಚೌಕಟ್ಟಿನ ಕೆಳಭಾಗ ಒಳಗೊಳಗೇ ಕೊಳೆಯುತ್ತದೆ. ನಮ್ಮದು ಬಿದ್ದದ್ದೂ ಹಾಗೇ. ಮೇಲೆ ಬಣ್ಣ ಹೊಳೀತಾ ಇತ್ತು, ಸ್ಕ್ರೂ ಹಿಡಿದಿದ್ದ ಮರ ಮಾತ್ರ ಒಳಗೆ ಹಿಟ್ಟಾಗಿತ್ತು. ಇನ್ನು ಅಲ್ಯುಮಿನಿಯಂ. ಅದರ ಪಟ್ಟಿಗಳನ್ನು ಅಂಗಡಿಯವನು ಕೊಳ್ಳುವುದು ಕಿಲೋ ಲೆಕ್ಕದಲ್ಲಿ, ನಮಗೆ ಮಾರುವುದು ಚದರಡಿ ಲೆಕ್ಕದಲ್ಲಿ. ಲೆಕ್ಕ ಬಲ್ಲವರಿಗೆ ಇಷ್ಟು ಹೇಳಿದರೆ ಸಾಕು: ಪಟ್ಟಿ ತೆಳ್ಳಗಾದಷ್ಟೂ ಅವನ ಲಾಭ ದಪ್ಪ. ಮೂರನೆಯದು ಯುಪಿವಿಸಿ, ಒಂದು ಬಗೆಯ ಗಟ್ಟಿ ಪ್ಲಾಸ್ಟಿಕ್. ಅದಕ್ಕೆ ತುಕ್ಕು ಇಲ್ಲ, ಗೆದ್ದಲಿಲ್ಲ, ನೀರಿಗೆ ಉಬ್ಬುವುದಿಲ್ಲ, ರೈಲಿನ ಸದ್ದೂ ಕಡಿಮೆ. ಆದರೆ ಪ್ಲಾಸ್ಟಿಕ್ ಎಷ್ಟಾದರೂ ಪ್ಲಾಸ್ಟಿಕ್ಕೇ, ಉದ್ದವಾದರೆ ಬಾಗುತ್ತದೆ. ಅದಕ್ಕೇ ಅದರ ಹೊಟ್ಟೆಯೊಳಗೆ ಕಲಾಯಿ ಮಾಡಿದ ಉಕ್ಕಿನ ಪಟ್ಟಿ ತೂರಿಸಬೇಕು. ತೂರಿಸಿ ಮೂಲೆ ಬೆಸೆದ ಮೇಲೆ ಒಳಗೆ ಉಕ್ಕು ಇದೆಯೋ ಇಲ್ಲವೋ ದೇವರಿಗೇ ಗೊತ್ತು. ಗಾಳಿ ಬಂದಾಗ ನಮಗೂ ಗೊತ್ತಾಗುತ್ತದೆ, ಅನ್ನಿ.

ನಾನು ಮೂವತ್ತಾರು ವರ್ಷ ಬ್ಯಾಂಕಿನಲ್ಲಿದ್ದವನು. 1983ರಲ್ಲಿ ಸೇರಿ 2019ರಲ್ಲಿ ನಿವೃತ್ತನಾದೆ. ಕೊಟೇಶನ್ ತರಿಸುವುದು, ಹೋಲಿಸುವುದು, ಕಡಿಮೆ ದರದವನನ್ನು ಆರಿಸುವುದು ರಕ್ತದಲ್ಲೇ ಇದೆ. ಹಾಲು, ಎರಡು ಮಲಗುವ ಕೋಣೆ, ಅಡುಗೆಮನೆ ಸೇರಿ 76 ಚದರಡಿ. ಮೂರು ಕೊಟೇಶನ್ ಬಂತು. ಎಲ್ಲಕ್ಕಿಂತ ಕಡಿಮೆ, ಚದರಡಿಗೆ 480 ರೂಪಾಯಿ ಹೇಳಿದವನು ನಮ್ಮ ಜಿಲ್ಲೆಯವನು. ಕನ್ನಡದ ಕಾರ್ಯಕ್ರಮವೊಂದರಲ್ಲಿ ಯಾರೋ ಪರಿಚಯ ಮಾಡಿಸಿದ್ದರು. ಬಂದವನೇ ಆಯಿಯ ಕಾಲಿಗೆ ನಮಸ್ಕಾರ ಮಾಡಿದ. ಯಾವ ಸೀಮೆ, ಯಾರ ಮನೆ ಕಡೆ ಅಂತೆಲ್ಲ ಮಾತಾಯಿತು. ಅಪ್ಪೆಹುಳಿಯ ಸುದ್ದಿ ಬಂತು. ಹೆಂಡತಿ ಎರಡನೇ ಸಲ ಕಾಫಿ ಮಾಡಿದಳು. ಮುಂಬಯಿಯಲ್ಲಿ ಮೂವತ್ತು ವರ್ಷ ಕಳೆದ ಮೇಲೂ ನಮ್ಮ ಕಡೆಯ ರಾಗ ಎಳೆದು ಮಾತಾಡುವವನು ಎದುರಿಗೆ ಕೂತರೆ ಏನೋ ಒಂದು ಮೆತ್ತಗಾಗುತ್ತದೆ. ಹೊರನಾಡಿನಲ್ಲಿ ಇದ್ದವರಿಗೆ ಇದನ್ನು ವಿವರಿಸುವುದು ಬೇಡ. 20,000 ಮುಂಗಡ ಕೇಳಿದ. ರಸೀದಿ ಕೇಳಲು ನನಗೇ ಸಂಕೋಚವಾಯಿತು.

ಆಮೇಲಿನದು ಬೇಗ ಹೇಳಿ ಮುಗಿಸುತ್ತೇನೆ. ಒಮ್ಮೆ ಬಂದು ಅಳತೆ ತಗೊಂಡ. ಮೆಟೀರಿಯಲ್ ಬಂದಿಲ್ಲ ಅಂದ. ಅವನ ಅತ್ತೆಗೆ ಹುಷಾರಿಲ್ಲ ಅಂದ. ನಂತರ ಫೋನು ಸ್ವಿಚ್ ಆಫ್. ಬ್ಯಾಂಕಿನಲ್ಲಿ ತೊಂಬತ್ತು ದಿನ ಬಾಕಿ ನಿಂತರೆ ಸಾಲವನ್ನು ಎನ್‌ಪಿಎ ಎಂದು ಬರೆಯುತ್ತಾರೆ. ನಾನೂ ತೊಂಬತ್ತೊಂದನೇ ದಿನ ಡೈರಿಯಲ್ಲಿ ಹಾಗೇ ಬರೆದೆ. ಫೋನಿನಲ್ಲಿ ಅವನ ಹೆಸರನ್ನು ಅಳಿಸಿ 'ಖಿಡಕಿವಾಲಾ 1' ಅಂತ ಮಾಡಿದೆ. ಹೆಸರು ನೋಡಿದರೆ ಸಿಟ್ಟು ಬರ್ತಾ ಇತ್ತು, ಅದಕ್ಕೆ.

2022ರ ಏಪ್ರಿಲ್‌ನಲ್ಲಿ ಬಂದವನು 'ಖಿಡಕಿವಾಲಾ 2'. ಎರಡನೇ ಮಹಡಿಯವರ ಮನೆಯಲ್ಲಿ ಕೆಲಸ ಮಾಡಿ ಹೋಗಿದ್ದ. ಉತ್ತರಪ್ರದೇಶದ ದೇವರಿಯಾ ಕಡೆಯವನು, ವಾಸ ನಾಲಾಸೋಪಾರಾ. ಎಲ್ಲರೂ ಮಿಸ್ತ್ರಿ ಎಂದೇ ಕರೀತಾ ಇದ್ದರು. ಮೂವತ್ತೈದರ ಆಸುಪಾಸು, ಮಾತು ಕಡಿಮೆ. ಆಯಿಗೆ ನಮಸ್ಕಾರ ಮಾಡಲಿಲ್ಲ; ಅವಳ ಮಂಚವನ್ನು ಎರಡಡಿ ಸರಿಸಬಹುದಾ ಎಂದು ಕೇಳಿ, ಕಿಟಕಿಯ ಅಗಲವನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆದ. ಎತ್ತರವನ್ನೂ ಮೂರು ಕಡೆ. ಆಮೇಲೆ ಮೂಲೆಯಿಂದ ಮೂಲೆಗೆ ಎರಡು ಅಡ್ಡಗೆರೆ ಅಳೆದು ತಲೆ ಅಲ್ಲಾಡಿಸಿದ. ನಂಬರ್ ಒಂದು ಒಂದೇ ಸಲ ಟೇಪು ಹಿಡಿದಿದ್ದ ಎಂಬುದು ನನಗೆ ಆಗ ನೆನಪಾಯಿತು. ಚದರಡಿಗೆ 640, ಒಟ್ಟು 48,640 ಎಂದ. ಯಾಕೆ ಜಾಸ್ತಿ ಅಂತ ಕೇಳಿದ್ದಕ್ಕೆ, "ಅಂದರ್ ಲೋಹಾ ಹೈ, ಸಾಬ್" ಅಂದ.

ಒಳಗೆ ಉಕ್ಕಿದೆಯೆಂದು ನಾನು ಹೇಗೆ ನಂಬಲಿ? ಕೇಳಿಯೇಬಿಟ್ಟೆ. ಅವನು ಬೇಸರ ಮಾಡಿಕೊಳ್ಳಲಿಲ್ಲ. ಚೀಲದಿಂದ ಹಳೇ ಸ್ಪೀಕರಿನ ಒಂದು ದಪ್ಪ ಅಯಸ್ಕಾಂತ ತೆಗೆದು ನನ್ನ ಕೈಗೆ ಕೊಟ್ಟು, ಮಾಲು ಬಂದ ದಿನ ನೀವೇ ಹಚ್ಚಿ ನೋಡಿ, ಅಲ್ಲಿತನಕ ಇದು ನಿಮ್ಮ ಹತ್ತಿರವೇ ಇರಲಿ ಎಂದ.

ಇಲ್ಲಿ ನಾನು ಕುಮಟಾ ಕಡೆಯ ಒಂದು ಶಾಖೆಯ ಸಂಗತಿ ಹೇಳಬೇಕು. ನಾನಾಗ ಹೊಸದಾಗಿ ಆಫೀಸರ್ ಆಗಿದ್ದೆ. ಬಂಗಾರದ ಮೇಲೆ ಸಾಲ ಕೊಡುವ ಶಾಖೆ. ಒಡವೆ ಪರೀಕ್ಷೆ ಮಾಡಲು ಒಬ್ಬ ವಯಸ್ಸಾದ ಶೇಟರು ಬರ್ತಾ ಇದ್ದರು. ಒರೆಗಲ್ಲಿನ ಮೇಲೆ ಒಮ್ಮೆ ಎಳೆದು, ಆ್ಯಸಿಡ್ ಹನಿಸಿ, ಕಣ್ಣು ಕಿರಿದು ಮಾಡಿ ನೋಡಿ, ಇಷ್ಟು ಅನ್ನೋರು. ಪಕ್ಕದ ಊರಿನಲ್ಲಿ ಯಾರೋ ಮುಲಾಮಿನ ಬಳೆ ಅಡವಿಟ್ಟು ಮೋಸ ಮಾಡಿದ ಸುದ್ದಿ ಬಂದಿತ್ತು. ನನಗೆ ಹೆದರಿಕೆ. ಪ್ರತಿ ಬಳೆಯನ್ನೂ ಮೂರು ಮೂರು ಕಡೆ ಒರೆ ಹಚ್ಚಿ ಅಂತ ಶೇಟರಿಗೆ ಹೇಳಿದೆ. ಅವರು ಎರಡು ದಿನ ನಾನು ಹೇಳಿದ ಹಾಗೆ ಮಾಡಿದರು. ಮೂರನೇ ದಿನ ಕಲ್ಲನ್ನು ನನ್ನ ಮೇಜಿನ ಮೇಲಿಟ್ಟು, "ಸಾಹೇಬರೇ, ಈ ಕಲ್ಲಿನ ಮೇಲೆ ಹೊಳೀತಾ ಇರೋದು ಯಾರ ಬಂಗಾರ?" ಎಂದು ಕೇಳಿದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಎಷ್ಟೇ ಸಣ್ಣದಾಗಿರಲಿ, ಪ್ರತಿ ಪರೀಕ್ಷೆಯೂ ಒಡವೆಯ ಒಡತಿಯಿಂದ ಒಂದಿಷ್ಟು ತಗೊಳ್ಳುತ್ತದೆ. ಬ್ಯಾಂಕಿನ ಬಂಗಾರ ಸವೆಯುವುದಿಲ್ಲ. ಕೋಣೆಯಲ್ಲಿ ಹೆದರಿಕೊಂಡವನು ನಾನು. ಸವೆದದ್ದು ಬಳೆ ತಂದ ಮೀನುಗಾರ ಹೆಂಗಸಿನದು. ಇಷ್ಟು ಒಳ್ಳೇ ಪಾಠ ಇಪ್ಪತ್ತೇಳನೇ ವಯಸ್ಸಿಗೇ ಸಿಕ್ಕಿಯೂ ಅರವತ್ಮೂರಕ್ಕೆ ಅದು ಕೆಲಸಕ್ಕೆ ಬರಲಿಲ್ಲ ಎಂಬುದೇ ಈ ಬರಹದ ವಿಷಯ.

ಈ ಸಲ ನಾನು ಹುಷಾರಾಗಿದ್ದೆ. ಕರಾರು ಬರೆದೆ. 24,000 ಮುಂಗಡ, ಕೆಲಸ ಮುಗಿದ ದಿನ 20,000, ಉಳಿದ 4,640 ಒಂದು ಮಳೆಗಾಲ ಕಳೆದ ಮೇಲೆ. ಕಟ್ಟಡದ ಕಂತ್ರಾಟುಗಳಲ್ಲೆಲ್ಲ ಹೀಗೆ ಸ್ವಲ್ಪ ಹಣ ಹಿಡಿದಿಟ್ಟುಕೊಳ್ಳುವ ಪದ್ಧತಿ ಇದ್ದೇ ಇದೆ, ಅದರಲ್ಲಿ ತಪ್ಪಿಲ್ಲ. ಅವನು ಒಂದು ಕ್ಷಣ ಯೋಚಿಸಿ, "ಪಾನೀ ಆಯಾ ತೋ ಮೇರಾ, ನಹೀ ಆಯಾ ತೋ ದೇ ದೇನಾ" ಎಂದ. ನೀರು ಬಂದರೆ ನನ್ನ ಹೊಣೆ, ಬರದಿದ್ದರೆ ಕೊಡಿ ಅಂತ. ರೆವಿನ್ಯೂ ಸ್ಟಾಂಪ್ ಅಂಟಿಸಿದ ರಸೀದಿಗೆ ಹಿಂದಿಯಲ್ಲಿ ಸಹಿ ಹಾಕಿದ. ಸಹಿ ಸ್ಟಾಂಪಿನ ಮೇಲೆ ಸರಿಯಾಗಿ ಹಾದುಹೋಗಿದೆಯೋ ಇಲ್ಲವೋ ಅಂತ ನೋಡಿದೆನೇ ಹೊರತು ಹೆಸರನ್ನು ಓದಲಿಲ್ಲ. ಗ್ರಾಹಕರ ಗುರುತು ಪರೀಕ್ಷೆಯ ಬಗ್ಗೆ ಕಿರಿಯರಿಗೆ ತರಬೇತಿ ಕೊಟ್ಟವನು ನಾನು!

ಮೇ ತಿಂಗಳಲ್ಲಿ ಕೆಲಸ ನಡೆಯಿತು. ಅವನೂ ಒಬ್ಬ ಹುಡುಗನೂ ಚೌಕಟ್ಟು, ಗಾಜುಗಳನ್ನು ನಾಲ್ಕು ಮಹಡಿ ಹೊತ್ತು ತಂದರು. ಅಯಸ್ಕಾಂತ ಹಚ್ಚಿದೆ, ಪ್ರತಿ ಕಡೆ ಕಚ್ಚಿತು. ಕೆಲಸ ನೋಡಲು ಚೆನ್ನಾಗಿತ್ತು. ರಸಮಟ್ಟ ಇಟ್ಟು, ಸಣ್ಣ ಬೆಣೆ ಕೊಟ್ಟು ಚೌಕಟ್ಟು ನಿಲ್ಲಿಸಿದ. ಬೋಲ್ಟು ಬಿಗಿದ. ಗೋಡೆಯ ಸಂದಿಗೆ ಫೋಮು ತುಂಬಿ ಅದು ಉಬ್ಬಿ ಗಟ್ಟಿಯಾಗುವತನಕ ಕಾದ. ಹೆಚ್ಚಿಗೆ ಬಂದದ್ದನ್ನು ಬ್ಲೇಡಿನಲ್ಲಿ ಕೊಯ್ದು ಹೊರಗಿನಿಂದ ಸಿಲಿಕಾನ್ ಎಳೆದ. ಗ್ರಿಲ್ಲಿನ ಆಚೆ ಕೈ ಚಾಚಿ, ಅರ್ಧ ಮೈ ಹೊರಗೆ ಹಾಕಿ, ಸೊಂಟಕ್ಕೆ ಕಟ್ಟಿದ ಹಗ್ಗವನ್ನು ಹುಡುಗನ ಕೈಗೆ ಕೊಟ್ಟು. ನಾನು ಒಳಗೆ ಕುರ್ಚಿ ಹಾಕಿಕೊಂಡು ಕೂತು ಅವನು ಸಿಲಿಕಾನ್ ಉಳಿಸ್ತಾನೋ ಅಂತ ನೋಡ್ತಾ ಇದ್ದೆ. ಕೆಳಗಿನ ಹಳಿಯಲ್ಲಿ ಹೊರಮುಖವಾಗಿ ಸಣ್ಣ ತೂತುಗಳಿರುತ್ತವೆ. ಹಳಿಯಲ್ಲಿ ನಿಂತ ಮಳೆನೀರು ಅಲ್ಲಿಂದ ಹೊರಗೆ ಹೋಗಬೇಕು. ಎಷ್ಟೋ ಕಡೆ ಗಾರೆಯವರು ಅದಕ್ಕೇ ಸಿಮೆಂಟು ಮೆತ್ತಿಬಿಡ್ತಾರಂತೆ. ಇವನು ಒಂದು ಚೊಂಬು ನೀರು ಹೊಯ್ದು, ಹೊರಗೆ ಬೀಳುವುದನ್ನು ಆಯಿಗೆ ತೋರಿಸಿದ. ಅವಳಿಗೆ ಹಿಂದಿ ಬಾರದು, ಅವನಿಗೆ ಕನ್ನಡ ಬಾರದು. ಆದರೂ ಮೂರು ದಿನವೂ ಮಧ್ಯಾಹ್ನ ಇಬ್ಬರೂ ಏನೋ ಮಾತಾಡ್ತಾ ಇದ್ದರು. ಅವಳು ಕೊಟ್ಟ ಮಜ್ಜಿಗೆಯನ್ನು ಅವನು ಕಿಟಕಿಯ ಹತ್ತಿರ ನಿಂತೇ ಕುಡೀತಾ ಇದ್ದ.

ಜೂನ್ ಕೊನೆಗೆ ಮಳೆ ಹಿಡಿಯಿತು. ಜುಲೈ ಮೊದಲ ವಾರ ಹಾಲಿನ ಕಿಟಕಿಯ ಕೆಳಗೆ, ಬಲಮೂಲೆಯಲ್ಲಿ, ತೆಂಗಿನಕಾಯಿ ಗಾತ್ರದ ಒಂದು ಒದ್ದೆ ಕಲೆ ಕಂಡಿತು. ನಾಲ್ಕು ದಿನದಲ್ಲಿ ಅದು ಆಯಿಯ ದಿಂಬಿನ ಎತ್ತರಕ್ಕೆ ಬಂತು. ರಾತ್ರಿ ಅವಳಿಗೆ ಕೆಮ್ಮು. ನನಗೆ ಸಿಟ್ಟು ನೆತ್ತಿಗೇರಿತು. ಫೋನು ಮಾಡಿ ನಾನಾಡಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ.

ಅವನು ಮರುದಿನವೇ ಬಂದ, ನಾಲಾಸೋಪಾರಾದಿಂದ ರೈಲು ಬದಲಿಸಿ, ಮಳೆಯಲ್ಲಿ. ಗೋಡೆ ಮುಟ್ಟಿ ನೋಡಿದ. ಚೌಕಟ್ಟಿನ ಒಳಬದಿ ಒಣಗಿಯೇ ಇತ್ತು. ಇದು ಕಿಟಕಿಯ ನೀರಲ್ಲ, ಹೊರಗೋಡೆಯಲ್ಲಿ ಎಲ್ಲೋ ಬಿರುಕಿದೆ, ಮೇಲಿನ ಸಜ್ಜಾದ ಹತ್ತಿರ ಇರಬಹುದು ಎಂದ. ಪ್ರತಿಯೊಬ್ಬ ಕೆಲಸಗಾರನೂ ಹೇಳುವ ಮಾತೇ ಇದು ಎಂದು ನಾನು ಮನಸ್ಸಿನಲ್ಲೇ ನಕ್ಕೆ. ಮಳೆ ನಿಂತಿದ್ದ ಒಂದು ದಿನ ಮತ್ತೆ ಬಂದು, ಎರಡು ಬಕೆಟ್ ನೀರನ್ನು ಗಾಜಿನ ಮೇಲೆ, ಚೌಕಟ್ಟಿನ ಸಂದಿಗೆ, ಹಳಿಗೆ ಹೊಯ್ದ. ಕಲೆಯ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು ಒಂದು ತಾಸು ಕೂತ. ಕಲೆ ಗೆರೆ ದಾಟಲಿಲ್ಲ.

"ದೇಖಾ, ಸಾಬ್?"

ನಾನು ಹೇಳಿದೆ: ಬಕೆಟ್ಟಿನ ನೀರೇ ಬೇರೆ, ಗಾಳಿಮಳೆಯೇ ಬೇರೆ.

ಈ ಒಂದು ವಾಕ್ಯವನ್ನು ನಾನು ಆಮೇಲೆ ಬಹಳ ಸಲ ತೂಗಿ ನೋಡಿದ್ದೇನೆ. ಅದರಲ್ಲಿ ಸುಳ್ಳಿಲ್ಲ. ಬಕೆಟ್ಟಿನ ನೀರಿಗೆ ಗಾಳಿಯ ಒತ್ತಡ ಇರುವುದಿಲ್ಲ, ನಿಜ. ಆದರೆ ಪರೀಕ್ಷೆ ಶುರುವಾಗುವ ಮೊದಲು ನಾನು ಹಾಗೆ ಹೇಳಿರಲಿಲ್ಲ. ಫಲಿತಾಂಶ ಅವನ ಕಡೆ ಬಂದ ಮೇಲೆ ಹೇಳಿದೆ. ಕಲೆ ಗೆರೆ ದಾಟಿದ್ದರೆ ಬಕೆಟ್ಟೇ ಸಾಕಾಗಿತ್ತು ನನಗೆ. ಅಂದರೆ ಅವನು ಸೋಲಬಹುದಾದ, ಗೆಲ್ಲಲಾಗದ ಪರೀಕ್ಷೆ ಅದು. ಇಂಥದ್ದನ್ನು ಎಚ್ಚರಿಕೆ ಅನ್ನಬೇಕೋ ಮೋಸ ಅನ್ನಬೇಕೋ? ನಂಬರ್ ಒಂದು ಮಾಡಿದ್ದು ಮೋಸ ಎಂದು ಹೇಳಲು ನನಗೆ ಕ್ಷಣ ಸಾಕು. ಇದಕ್ಕೆ ಹೆಸರಿಡಲು ವರ್ಷ ಹಿಡಿದಿದೆ.

ನಾನು ತತ್ತ್ವಶಾಸ್ತ್ರ ಓದಿದವನಲ್ಲ, ಧಾರವಾಡದಲ್ಲಿ ಎಂ.ಕಾಂ. ಓದಿದವನು. ನನಗೆ ಗೊತ್ತಿರುವ ಭಾಷೆಯಲ್ಲೇ ಹೇಳುತ್ತೇನೆ. ಲೆಕ್ಕಶಾಸ್ತ್ರದಲ್ಲಿ ಸಂಶಯದ ಸಾಲಗಳಿಗೆ ಅಂತ ಒಂದಿಷ್ಟು ಹಣ ತೆಗೆದಿಡುವ ನಿಯಮ ಇದೆ. ಸಾಲ ವಸೂಲಾಗದೇ ಹೋದೀತು ಎಂಬ ಅನುಮಾನ ನಿಮಗಿದ್ದರೆ ಆ ಮೊತ್ತವನ್ನು ನಿಮ್ಮ ಲಾಭದಿಂದ ತೆಗೆದಿಡಬೇಕು. ಅನುಮಾನ ನಿಮ್ಮದು, ಆದ್ದರಿಂದ ಖರ್ಚೂ ನಿಮ್ಮದು. ಯಾವ ಬ್ಯಾಂಕೂ ಒಬ್ಬ ಸಾಲಗಾರನ ಬಾಕಿಯನ್ನು ಇನ್ನೊಬ್ಬನ ಖಾತೆಗೆ ಬರೆದು ಕೈ ತೊಳೆದುಕೊಳ್ಳುವ ಹಾಗಿಲ್ಲ. ಆಡಿಟರ್ ಮೊದಲ ದಿನವೇ ಹಿಡಿಯುತ್ತಾನೆ. ನಾನು ಮಾಡಿದ್ದು ಅದನ್ನೇ. ನಮ್ಮ ಜಿಲ್ಲೆಯವನು ಮಾಡಿದ ನಷ್ಟವನ್ನು ದೇವರಿಯಾದವನ ಖಾತೆಗೆ ಖರ್ಚು ಬರೆದೆ. 20,000ದ ಸಿಟ್ಟನ್ನು 4,640ರ ಮೇಲೆ ತೀರಿಸಿಕೊಂಡೆ. ಮನೆಯ ಲೆಕ್ಕಕ್ಕೆ ಆಡಿಟರ್ ಇಲ್ಲವಲ್ಲ.

ಇದ್ದಳು, ಒಬ್ಬಳು. ತಿಂಗಳಿಗೊಮ್ಮೆಯಾದರೂ ಆಯಿ ಕೇಳ್ತಾ ಇದ್ದಳು, "ಆ ಮಾಣಿಗೆ ದುಡ್ಡು ಕೊಟ್ಯಾ?" ನೀರು ಸೋರ್ತಾ ಇರುವಾಗ ಹೇಗೆ ಕೊಡೋದು ಅಂದರೆ, "ಸೋರೋದು ಗೋಡೆ ಅಂತ ಅವ ಹೇಳಿದ್ನಲ" ಅನ್ನೋಳು. ಅವನು ಹೇಳಿದ್ದು ನಿನಗೆ ಹೇಗೆ ತಿಳೀತು ಅಂತ ಕೇಳಿದರೆ ಗೋಡೆಯ ಕಡೆ ಬೆರಳು ತೋರಿಸಿ ಸುಮ್ಮನಾಗೋಳು.

ಊರಿನಲ್ಲಿ ಹೀಗಿರಲಿಲ್ಲ ಎಂದು ಬರೆಯಲು ಕೈ ಹೋಗುತ್ತದೆ. ಹೊರನಾಡಿನವರ ಪುಸ್ತಕಗಳಲ್ಲಿ ಇಂಥ ಜಾಗದಲ್ಲಿ ಊರು ಬಂದೇ ಬರುತ್ತದೆ. ನಮ್ಮ ಮನೆಯ ಕಿಟಕಿ ಬಾಗಿಲು ಮಾಡಿದ ಆಚಾರಿಯ ಹತ್ತಿರ ಅಪ್ಪ ಯಾವತ್ತೂ ಕರಾರು ಬರೆಸಿರಲಿಲ್ಲ. ಅಡಿಕೆ ಸುಗ್ಗಿ ಮುಗಿದ ಮೇಲೆ ಲೆಕ್ಕ. ಆದರೆ ಅದು ಅಪ್ಪನ ದೊಡ್ಡ ಮನಸ್ಸೂ ಅಲ್ಲ, ಆಚಾರಿಯ ಸತ್ಯಸಂಧತೆಯೂ ಅಲ್ಲ. ಇಬ್ಬರಿಗೂ ಓಡಿಹೋಗಲು ಜಾಗ ಇರಲಿಲ್ಲ, ಅಷ್ಟೇ. ತೇರಿನಲ್ಲಿ, ಮದುವೆಯಲ್ಲಿ, ಸಾವಿನಲ್ಲಿ ಮುಖ ನೋಡಲೇಬೇಕು. ಆಚಾರಿ ಒಮ್ಮೆ ಸಾಗವಾನಿಯ ತಿರುಳಿನ ಬದಲು ಬಿಳಿಯ ಹೊರಮರ ಸೇರಿಸಿದ್ದು ಅಪ್ಪನಿಗೆ ಗೊತ್ತಿತ್ತು; ಮುಂದಿನ ಸುಗ್ಗಿಯಲ್ಲಿ ಒಂದು ಮಣ ಅಡಿಕೆ ಕಡಿಮೆ ಹೋಯಿತು; ಇಬ್ಬರೂ ಬಾಯಿ ಬಿಡಲಿಲ್ಲ. ಇನ್ನು ತೋಟದ ಕೆಲಸಕ್ಕೆ ಬರುವವರ ವಿಷಯದಲ್ಲಂತೂ ನಂಬಿಕೆಯ ಮಾತೇ ಇರಲಿಲ್ಲ. ಅವರು ನಮ್ಮನ್ನು ನಂಬಲೇಬೇಕಾಗಿತ್ತು, ನಾವು ಅವರನ್ನು ಎಣಿಸಿ ಎಣಿಸಿ ನೋಡುತ್ತಿದ್ದೆವು. ಊರಿನ ಬಗ್ಗೆ ನನಗೆ ಹಂಬಲ ಇದೆ, ಭ್ರಮೆ ಇಲ್ಲ.

ಮುಂಬಯಿಯ ಕಥೆ ಬೇರೆ. ಇಲ್ಲಿ ಇಬ್ಬರಿಗೂ ಓಡಿಹೋಗಲು ಜಾಗ ಇದೆ. ಅವನೂ ಪರದೇಶಿ, ನಾನೂ ಪರದೇಶಿ. ನಾನು ಹಣ ಹಿಡಿದಿಟ್ಟುಕೊಂಡರೆ ಅವನು ಯಾರ ಹತ್ತಿರ ಹೋಗಿ ದೂರಬೇಕು? 4,640ಕ್ಕೆ ಕೋರ್ಟಿಗೆ ಹೋಗಲಾರ. ಅವನು ಮಾಡಬಹುದಾದದ್ದು ಫೋನು ಮಾತ್ರ. ಸೆಪ್ಟೆಂಬರಿನಲ್ಲಿ ಒಮ್ಮೆ ಮಾಡಿದ, ದೀಪಾವಳಿಯ ಮುಂಚೆ ಒಮ್ಮೆ ಮಾಡಿದ. ಹುಡುಗಿಯ ಶಾಲೆಯ ಫೀಸಿದೆ ಎಂದ. ಅದನ್ನೂ ನಾನು ನಂಬಲಿಲ್ಲ. ನಂಬರ್ ಒಂದರ ಅತ್ತೆಯ ಕಾಯಿಲೆ ನೆನಪಿತ್ತು ನೋಡಿ. ಆಮೇಲೆ ಫೋನು ಬರಲಿಲ್ಲ. ಹಣ ಬಿಟ್ಟುಬಿಟ್ಟ, ಅಂದರೆ ತಪ್ಪು ಒಪ್ಪಿಕೊಂಡ ಹಾಗಾಯಿತು ಎಂದು ನಾನು ಹೆಂಡತಿಗೆ ಹೇಳಿದೆ. ಸುಸ್ತಾಗಿ ಸುಮ್ಮನಾದವನನ್ನು ಸೋತವನು ಎಂದು ಬರೆದುಕೊಳ್ಳುವುದು ಎಷ್ಟು ಸುಲಭ!

2023ರ ಫೆಬ್ರವರಿಯಲ್ಲಿ ಸೊಸೈಟಿಯವರು ಹೊರಗೋಡೆಯ ರಿಪೇರಿ ಹಿಡಿದರು. ಕಟ್ಟಡದ ಸುತ್ತ ಬಿದಿರು ಕಟ್ಟಿದರು. ಒಂದು ಬೆಳಿಗ್ಗೆ ನಮ್ಮ ಕಿಟಕಿಯ ಹೊರಗೆ ಬಿದಿರಿನ ಮೇಲೆ ನಿಂತಿದ್ದ ಗಾರೆಯವನು ಗಾಜು ತಟ್ಟಿ ನನ್ನನ್ನು ಕರೆದ. ಸಜ್ಜಾ ಗೋಡೆಗೆ ಸೇರುವ ಕಡೆಯಿಂದ ಒಂದು ಬಿರುಕು ಹೊರಟು, ಕಿಟಕಿಯ ಬಲಗಡೆಯಲ್ಲೇ ಇಳಿದು, ಕೆಳಗಿನ ಮೂಲೆಯ ಹತ್ತಿರ ಒಳಗೆ ಹೋಗಿತ್ತು. ಅವನು ಉಳಿಯಿಂದ ತಟ್ಟಿದ ಕೂಡಲೇ ಗಿಲಾಯಿ ಹಪ್ಪಳದ ಹಾಗೆ ಬಿತ್ತು. ಕಿಟಕಿಯ ಸಿಲಿಕಾನ್ ನೋಡಿ ಅವನು, "ಇದು ಯಾರು ಹಾಕಿದ್ದು? ಚೆನ್ನಾಗಿ ಹಾಕಿದಾನೆ" ಎಂದ. ನಾನು ಏನೂ ಹೇಳದೆ ಒಳಗೆ ಬಂದೆ.

ಆಗಲೇ ಫೋನು ಮಾಡಬಹುದಿತ್ತು. ಮಾಡಲಿಲ್ಲ. ಇನ್ನೊಂದು ಮಳೆಗಾಲ ನೋಡೋಣ ಎಂದೆ. ಇದಕ್ಕೆ ಮಾತ್ರ ಎಚ್ಚರಿಕೆಯ ನೆಪವೂ ಇಲ್ಲ. ತಪ್ಪು ಒಪ್ಪಿಕೊಳ್ಳಲು ಹೆದರಿದವನ ಸಬೂಬು ಅದು.

ಆ ವರ್ಷದ ಜುಲೈಯಲ್ಲಿ ಹತ್ತು ದಿನ ಬಿಡದೆ ಹೊಡೆಯಿತು. ಗೋಡೆ ಒಣಗಿಯೇ ಇತ್ತು. ಫೋನು ತೆಗೆದೆ. 'ಖಿಡಕಿವಾಲಾ 2'. ಎತ್ತಿದ. ಹಣ ಕಳಿಸ್ತೇನೆ ಎಂದೆ. ಅತ್ತ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಎಲ್ಲೋ ಡ್ರಿಲ್ ಮಾಡುವ ಶಬ್ದ ಮಾತ್ರ. "ಇಸೀ ನಂಬರ್ ಪೇ ಡಾಲ್ ದೋ" ಅಂದ. ಹಿಂದೆ ಅವನಿಗೆ ಕೊಟ್ಟದ್ದೆಲ್ಲ ನಗದು. ಆಗಿನ್ನೂ ನಾನು ಫೋನಿನಲ್ಲಿ ಹಣ ಕಳಿಸುವುದನ್ನು ನಂಬುತ್ತಿರಲಿಲ್ಲ. ಮಗಳು ಕಲಿಸಿಕೊಟ್ಟ ಹಾಗೆ ನಂಬರ್ ಒತ್ತಿದೆ. ಹಣ ಹೋಗುವ ಮೊದಲು ಪರದೆಯ ಮೇಲೆ ಖಾತೆದಾರನ ಹೆಸರು ಬರುತ್ತದೆ, ನಿಮಗೂ ಗೊತ್ತಿರಬೇಕು. ಅವನ ಪೂರ್ತಿ ಹೆಸರು ನಾನು ಓದಿದ್ದು ಆವತ್ತೇ. ಮೂರು ದಿನ ಮನೆಯಲ್ಲಿ ಕೆಲಸ ಮಾಡಿ, ಮತ್ತೆರಡು ಸಲ ಬಂದುಹೋಗಿ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ನಮ್ಮ ಕಿಟಕಿಯ ಹೊರಗೆ ನೇತಾಡಿದವನ ಹೆಸರು.

5,000 ಕಳಿಸಿ ಮತ್ತೆ ಫೋನು ಮಾಡಿದೆ. ಕ್ರ್ಯಾಕ್ ಸಜ್ಜಾದ ಹತ್ತಿರವೇ ಇತ್ತು, ನೀನು ಹೇಳಿದ್ದು ಸರಿ, ನನ್ನದು ತಪ್ಪಾಯಿತು ಎಂದೆ. ನನ್ನ ಹಿಂದಿ ಚೆನ್ನಾಗಿಲ್ಲ, ಅಷ್ಟಾದರೂ ಹೇಳಿದೆ. "ಠೀಕ್ ಹೈ ಸಾಬ್" ಎಂದು ಇಟ್ಟುಬಿಟ್ಟ. ನನಗೆ ಬೇಜಾರಾಯಿತು. ಏನು ನಿರೀಕ್ಷೆ ಮಾಡಿದ್ದೆನೋ ನನಗೇ ತಿಳಿಯದು. ಬಹುಶಃ, ಪರವಾಗಿಲ್ಲ ಸಾಬ್, ನೀವು ದೊಡ್ಡವರು ಅನ್ನಬೇಕಾಗಿತ್ತೇನೋ. ತಿಂಗಳುಗಟ್ಟಲೆ ತಡವಾಗಿ ಬಾಕಿ ಕಟ್ಟಿದವನಿಗೆ ನಾವೇನು ಬ್ಯಾಂಕಿನಲ್ಲಿ ಹಾರ ಹಾಕುತ್ತಿದ್ದೆವೇ?

2024ರ ನವೆಂಬರಿನಲ್ಲಿ ಅಡುಗೆಮನೆಯ ಕಿಟಕಿಯ ಉರುಳೆ ಕೆಟ್ಟು ಪಡಿ ಸರಿಯದಾಯಿತು. ಅವನಿಗೇ ಫೋನು ಮಾಡಿದೆ, ಈ ಸಲ ಹೆಸರು ಹಿಡಿದು ಕರೆದೆ. ಕೆಲಸ ಬಹಳ ಇದೆ, ಹುಡುಗನನ್ನು ಕಳಿಸ್ತೇನೆ ಎಂದ. ಬಂದವನು ಹಿಂದೆ ಹಗ್ಗ ಹಿಡಿದಿದ್ದ ಹುಡುಗನೇ, ಈಗ ಮೀಸೆ ಬಂದಿದೆ. ಪಡಿ ಅಲ್ಲಾಡಿಸಿ ನೋಡಿ, ಎರಡೂ ಪಡಿಯ ಉರುಳೆ ಬದಲಿಸಬೇಕು, 900 ಆಗುತ್ತದೆ ಎಂದ. ಸರಿ, ಮಾಡು ಎಂದೆ. ಅವನು ಚೀಲ ಬಿಚ್ಚಲಿಲ್ಲ. ನೆಲ ನೋಡುತ್ತಾ ನಿಂತ.

"ಪಹಲೇ ದೇನಾ ಪಡೇಗಾ, ಅಂಕಲ್. ಉಸ್ತಾದ್ ನೇ ಬೋಲಾ ಹೈ, ಇಸ್ ಘರ್ ಮೇ ಪೂರಾ ಪಹಲೇ ಲೇನಾ."

ಈ ಮನೆಯಲ್ಲಿ ಪೂರ್ತಿ ಹಣ ಮೊದಲೇ ತಗೋ.

ಕೆಲಸ ಮುಗಿಯುವ ಮೊದಲು ಪೂರ್ತಿ ಹಣವೇ, ಎಂದು ಬಾಯಿಗೆ ಬಂತು. ಹಾಲಿನಿಂದ ಆಯಿ, "ಏನಂತೆ?" ಎಂದು ಕೂಗಿದಳು. ಏನಿಲ್ಲ ಎಂದೆ. ಒಳಗೆ ಹೋಗಿ ಒಂಬೈನೂರು ಎಣಿಸಿ ತಂದುಕೊಟ್ಟೆ. ಅವನು ನನ್ನ ಎದುರಿಗೇ ಇನ್ನೊಮ್ಮೆ ಎಣಿಸಿ, ಒಂದು ನೋಟನ್ನು ಬೆಳಕಿಗೆ ಹಿಡಿದು ನೋಡಿ, ಜೇಬಿಗೆ ಹಾಕಿ, ಸ್ಕ್ರೂಡ್ರೈವರ್ ತೆಗೆದ.